ಗುರುತ್ವವನ್ನು ಅಳೆದ ಹೆನ್ರಿ ಕೇಟರ್

ಒಂಬತ್ತನೆಯ ತರಗತಿಯ ಗುರುತ್ವಾಕರ್ಷಣೆಯ ಪಾಠದಲ್ಲಿ ಒಂದು ಸಂಖ್ಯೆ ಬರುತ್ತದೆ: 9.8 ಮೀ/ಸೆ². ಅಭ್ಯಾಸ ಬೋಧನೆಗೆ ಹೋದಾಗ ನಮ್ಮಲ್ಲಿ ಹೆಚ್ಚಿನವರು ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ಗುರುತ್ವ ವೇಗೋತ್ಕರ್ಷದ ಬೆಲೆ ಇದು ಎಂದು ಹೇಳಿ ಲೆಕ್ಕಕ್ಕೆ ಇಳಿದುಬಿಡುತ್ತೇವೆ. ಆ ಸಂಖ್ಯೆಯನ್ನು ಯಾರೋ ಕಷ್ಟಪಟ್ಟು ಅಳೆದರು ಎಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಹಾಗೆ ಅಳೆದವರಲ್ಲಿ ಒಬ್ಬರು ಹೆನ್ರಿ ಕೇಟರ್. ಪದವಿ ತರಗತಿಯ ಪ್ರಯೋಗಾಲಯದಲ್ಲಿ ಅವರ ಹೆಸರಿನ ಲೋಲಕವನ್ನು ನಮ್ಮಲ್ಲಿ ಅನೇಕರು ತೂಗಿಸಿದ್ದೇವೆ. ಅವರು ಅಳತೆಯ ಕೆಲಸದಲ್ಲಿ ಪಳಗಿದ್ದು ನಮ್ಮ ನಾಡಿನ ಮೇಲೆ ಹಾದುಹೋದ ಮೋಜಣಿಯಲ್ಲಿ ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ.

ಕೇಟರ್ ಹುಟ್ಟಿದ್ದು 1777ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ತಂದೆ ಮಗನನ್ನು ವಕೀಲಿ ಕಲಿಯಲು ಹಚ್ಚಿದ್ದರು. ಮಗನ ಮನಸ್ಸು ಗಣಿತದಲ್ಲಿತ್ತು. ತಂದೆ ತೀರಿಕೊಂಡ ಮೇಲೆ ಅವರು ಕಾನೂನು ಬಿಟ್ಟು ಗಣಿತಕ್ಕೆ ಮರಳಿದರು. 1799ರಲ್ಲಿ ಸೈನ್ಯ ಸೇರಿ ಮದರಾಸಿಗೆ ಬಂದರು.

ಅದೇ ವರ್ಷ ಶ್ರೀರಂಗಪಟ್ಟಣ ಬಿದ್ದಿತ್ತು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಪೂರ್ವ ತೀರದಿಂದ ಪಶ್ಚಿಮ ತೀರದವರೆಗೆ ತ್ರಿಕೋನಗಳನ್ನು ಹೆಣೆದು ನೆಲ ಅಳೆಯುವ ಕೆಲಸ ಹಿಡಿದರು. ಕೇಟರ್ ಅವರ ಸಹಾಯಕರಾದರು. ಈ ಮೋಜಣಿಗೆ ನಕ್ಷೆಯ ಜೊತೆಗೆ ಇನ್ನೊಂದು ಗುರಿಯೂ ಇತ್ತು: ಭೂಮಿಯ ನಿಜವಾದ ಆಕಾರವನ್ನು ತಿಳಿಯುವುದು. ತ್ರಿಕೋನಗಳ ಸರಣಿ ಬೆಂಗಳೂರಿನಿಂದ ಮಲೆನಾಡಿನ ಬೆಟ್ಟಸಾಲು ದಾಟಿ ಮಂಗಳೂರಿನ ತೀರ ಮುಟ್ಟಿತು. ನಮ್ಮ ನೆರೆಯ ಮೂಡಿಗೆರೆ ಸೀಮೆಯ ಬಲ್ಲಾಳರಾಯನ ದುರ್ಗ ಅದರ ಒಂದು ಠಾಣೆಯಾಗಿತ್ತು. ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಗೆರೆಯೊಂದನ್ನು 1804ರಲ್ಲಿ ನೆಲದ ಮೇಲೆ ಅಳೆದು, ಮದರಾಸಿನಿಂದ ಲೆಕ್ಕ ಹಾಕಿಕೊಂಡು ಬಂದ ಉದ್ದದೊಡನೆ ಹೋಲಿಸಿದರು. ವ್ಯತ್ಯಾಸ ನಾಲ್ಕು ಅಂಗುಲವೂ ಇರಲಿಲ್ಲ. ಕೇಟರ್ ಬೆಳೆದದ್ದು ಅಂಥ ಅಚ್ಚುಕಟ್ಟಿನ ನಡುವೆ.

ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳತೆಗೆ ಒಗ್ಗಿಸುವ ಬುದ್ಧಿ ಅವರದು. ಮೈಸೂರು ಸೀಮೆಯಲ್ಲಿ ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು ತೇವಕ್ಕೆ ಸುರುಳಿ ಬಿಚ್ಚಿ, ಒಣಗಿದಾಗ ಮತ್ತೆ ಹೊಸೆದುಕೊಳ್ಳುವುದನ್ನು ಕಂಡರು. ಅದರ ಊಬಿನಿಂದಲೇ ಗಾಳಿಯ ತೇವ ತೋರಿಸುವ ಉಪಕರಣ ಮಾಡಿದರು. ಆದರೆ ಇಲ್ಲಿನ ದುಡಿಮೆ ಅವರ ಆರೋಗ್ಯವನ್ನು ಕೆಡಿಸಿತು. ಊರಿಗೆ ಮರಳಬೇಕಾಯಿತು.

ಇಂಗ್ಲೆಂಡಿನಲ್ಲಿ ಅವರ ಮುಂದೆ ಬಂದ ಸಮಸ್ಯೆ ಲೋಲಕದ್ದು. ಲೋಲಕ ತೂಗುವುದು ಭೂಮಿ ಅದನ್ನು ಸೆಳೆಯುವುದರಿಂದ. ಉದ್ದವೂ ಆಂದೋಲನ ಕಾಲವೂ ಗೊತ್ತಾದರೆ ಸೆಳೆತದ ಬೆಲೆ ಸಿಗುತ್ತದೆ. ಕಾಲವನ್ನು ಗಡಿಯಾರ ಹೇಳುತ್ತದೆ. ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದು? ನಿಜವಾದ ಲೋಲಕದಲ್ಲಿ ಭಾರ ಒಂದೇ ಬಿಂದುವಿನಲ್ಲಿರದೆ ದಂಡದ ತುಂಬ ಹರಡಿರುತ್ತದೆ. ಕೇಟರ್ ದಂಡಕ್ಕೆ ಎರಡು ಕತ್ತಿಯಂಚುಗಳನ್ನು ಜೋಡಿಸಿದರು. ಒಮ್ಮೆ ಒಂದು ಅಂಚಿನ ಮೇಲೆ, ಮತ್ತೆ ತಲೆಕೆಳಗು ಮಾಡಿ ಇನ್ನೊಂದರ ಮೇಲೆ ತೂಗಿಸಿದರು. ಎರಡೂ ಕಡೆಯಿಂದ ಕಾಲ ಒಂದೇ ಆಗುವವರೆಗೆ ಸಣ್ಣ ತೂಕವೊಂದನ್ನು ಸರಿಸಿದರು. ಆಗ ಅಂಚುಗಳ ನಡುವಿನ ದೂರವೇ ಬೇಕಾದ ಉದ್ದ. ಆ ಅಂಚುಗಳನ್ನು ಮಾಡಿದ್ದು ಭಾರತದ ವೂಟ್ಸ್ ಲೋಹದಿಂದ. ವೂಟ್ಸ್ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ.

ಅತ್ತ ಒಂದು ಸೆಕೆಂಡು, ಇತ್ತ ಒಂದು ಸೆಕೆಂಡು ತೂಗುವ ಲೋಲಕದ ಉದ್ದ ಲಂಡನ್ನಿನಲ್ಲಿ ಸುಮಾರು 39.14 ಅಂಗುಲ, ಅಂದರೆ 99.4 ಸೆಂಟಿಮೀಟರ್ ಎಂದು ಅವರು ಕಂಡುಕೊಂಡರು. 1817ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು. ಬಳಿಕ ಬ್ರಿಟನ್ನಿನ ಬೇರೆ ಬೇರೆ ಅಕ್ಷಾಂಶಗಳಿಗೆ ಲೋಲಕ ಹೊತ್ತೊಯ್ದು ಅಳೆದರು. ಉತ್ತರಕ್ಕೆ ಹೋದಂತೆ ಸೆಳೆತ ಹೆಚ್ಚುತ್ತದೆ, ಏಕೆಂದರೆ ತಿರುಗುವ ಭೂಮಿ ಸಮಭಾಜಕದ ಬಳಿ ಉಬ್ಬಿದೆ. ಬೆಟ್ಟಗಳ ನೆತ್ತಿಯಲ್ಲಿ ತ್ರಿಕೋನಗಳಿಂದ ಹುಡುಕಿದ್ದ ಭೂಮಿಯ ಆಕಾರವನ್ನೇ ಈಗ ಲೋಲಕದಿಂದ ಹುಡುಕುತ್ತಿದ್ದರು.

1824ರಲ್ಲಿ ಬ್ರಿಟಿಷ್ ಸಂಸತ್ತು, ಗಜದ ಮೂಲಮಾದರಿ ಕಳೆದುಹೋದರೆ ಕೇಟರ್ ಲೋಲಕದ ಅಳತೆಯಿಂದಲೇ ಅದನ್ನು ಮತ್ತೆ ಮಾಡಬೇಕೆಂದು ಕಾಯ್ದೆ ಮಾಡಿತು. 1834ರಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದು ಮೂಲಮಾದರಿ ಹಾಳಾಯಿತು. ಮರುವರ್ಷ ಕೇಟರ್ ತೀರಿಕೊಂಡರು. ಅಷ್ಟರಲ್ಲಿ ಅವರ ಲೆಕ್ಕದಲ್ಲಿ ಗಾಳಿಯ ಪರಿಣಾಮವೇ ಮೊದಲಾದ ಸಣ್ಣ ದೋಷಗಳು ಬೆಳಕಿಗೆ ಬಂದಿದ್ದವು. ಹೊಸ ಗಜವನ್ನು ಲೋಲಕದಿಂದ ಮಾಡದೆ ಹಳೆಯ ಪ್ರತಿಗಳಿಂದ ಮಾಡಿದರು. ಆದರೆ ಅವರ ಉಪಾಯ ಸೋಲಲಿಲ್ಲ. ತಲೆಕೆಳಗಾಗಿಸುವ ಲೋಲಕ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಗುರುತ್ವ ಅಳೆಯಿತು.

ಈಗ ನಮ್ಮ ತರಗತಿಗೆ ಬರೋಣ. ಸಕಲೇಶಪುರ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಲೆಕ್ಕದಂತೆ ಇಲ್ಲಿನ ಬೆಲೆ 9.78, ಲಂಡನ್ನಿನದು 9.81. ಕೇಟರ್ ತಮ್ಮ ಸೆಕೆಂಡಿನ ಲೋಲಕವನ್ನು ಇಲ್ಲಿಗೆ ತಂದಿದ್ದರೆ ಅದನ್ನು ಸುಮಾರು ಮೂರು ಮಿಲಿಮೀಟರ್ ಗಿಡ್ಡ ಮಾಡಬೇಕಾಗುತ್ತಿತ್ತು. ಇಲ್ಲದಿದ್ದರೆ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತಿತ್ತು.

ಮಕ್ಕಳ ಕೈಗೆ ಒಂದು ದಾರ, ಒಂದು ಕಲ್ಲು ಕೊಡಿ. ಮೊಳೆಯಿಂದ ಕಲ್ಲಿನ ನಡುವಿನವರೆಗೆ ಒಂದು ಮೀಟರ್ ಇರಲಿ. ಸಣ್ಣದಾಗಿ ತೂಗಿಸಿ 50 ಆಂದೋಲನ ಎಣಿಸಲಿ. ಸುಮಾರು 100 ಸೆಕೆಂಡು ಹಿಡಿಯುತ್ತದೆ. ಒಂದು ಆಂದೋಲನದ ಕಾಲವನ್ನು ಕಂಡುಹಿಡಿದು, ಉದ್ದವನ್ನು ಆ ಕಾಲದ ವರ್ಗದಿಂದ ಭಾಗಿಸಿ 39.5ರಿಂದ ಗುಣಿಸಲಿ. ಗಡಿಯಾರ ಒತ್ತುವಾಗ ಅರ್ಧ ಸೆಕೆಂಡು ತಪ್ಪಿದರೆ ಒಂದು ಗುಂಪಿಗೆ 9.7, ಇನ್ನೊಂದಕ್ಕೆ 9.9 ಬಂದೀತು. ಅದನ್ನು ಅಳಿಸಿ 9.8 ಬರೆಯಿರಿ ಎನ್ನಬೇಡಿ. ಬಂದದ್ದನ್ನು ಬಂದ ಹಾಗೆಯೇ ಬರೆಸಿ, ತಪ್ಪು ಎಲ್ಲಿಂದ ಬಂತೆಂದು ಅವರನ್ನೇ ಹುಡುಕಲು ಬಿಡಿ. ಕೇಟರ್ ಬದುಕಿಡೀ ಮಾಡಿದ್ದು ಅದನ್ನೇ.