ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು

ವೀರಶೈವ ಕುಲದೀಪಕರಾದ ಪುಟ್ಟಣ್ಣ ಚೆಟ್ಟಿಯವರು 1856ರಲ್ಲಿ ಜನಿಸಿ, ಮೈಸೂರು ಸಂಸ್ಥಾನದ ಸೇವೆಯಲ್ಲಿ ಆಲೋಚನಾಸಭೆಯ ಸದಸ್ಯತ್ವದವರೆಗೂ ಏರಿದರು. ಅನ್ಯರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, 1913ರಿಂದ 1920ರವರೆಗೆ, ಬೆಂಗಳೂರು ನಗರಸಭೆಯ ಅಧ್ಯಕ್ಷಭಾರವನ್ನು ವಹಿಸಿದರು. 1898ರ ಪ್ಲೇಗುಮಾರಿಯಿಂದ ಬೆಂದ ಊರದು. ಬಸವನಗುಡಿ, ಮಲ್ಲೇಶ್ವರಗಳ ವಿಶಾಲವಾದ ಬೀದಿಗಳು ಆ ಭಯದಿಂದಾಗಿ ಬೇಗನೆ ಬೆಳೆದುವು.

1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ನಗರವನ್ನು ಹೊಕ್ಕಿತು. ಮನೆಮಂದಿಯೆಲ್ಲರೂ ಏಕಕಾಲದಲ್ಲಿ ಹಾಸಿಗೆ ಹಿಡಿದಲ್ಲಿ ಒಲೆ ಹಚ್ಚುವವರಾರು? ಆಸ್ಪತ್ರೆಯ ಬಾಗಿಲು ತೆರೆದಿದ್ದರೂ ಅಲ್ಲಿಗೆ ನಡೆದು ಬರುವ ತ್ರಾಣ ರೋಗಿಗಳಿಗಿರಲಿಲ್ಲ. ಮದ್ದೂ ಗಂಜಿಯೂ ರೋಗಿಯಿದ್ದ ಕೇರಿಗೇ ಹೋಗಬೇಕಾಯಿತು. ಚೆಟ್ಟಿಯವರ ಅಧ್ಯಕ್ಷತೆಯ ನಗರಸಭೆಯು ವೈದ್ಯರನ್ನೂ ಸ್ವಯಂಸೇವಕರನ್ನೂ ಕೂಡಿಕೊಂಡು ಈ ಕಾರ್ಯಕ್ಕಿಳಿಯಿತು. ಮನುಷ್ಯರಲ್ಲಿ ಆ ಜ್ವರವನ್ನುಂಟುಮಾಡುವ ವಿಷಾಣು ಪತ್ತೆಯಾದುದು 1933ರಲ್ಲಿ. ಆದುದರಿಂದ ಅಂದು ಪಥ್ಯ ಶುಶ್ರೂಷೆಗಳೇ ಮುಖ್ಯಾವಲಂಬನವಾಗಿದ್ದುವು. ಹಸಿದವನಿಗೆ ಗಂಜಿಯೆರೆಯುವ ದಾಸೋಹವೂ ಚಿಕಿತ್ಸೆಯೂ ಇಲ್ಲಿ ಒಂದೇ ಆದುವು. ಬಹುಜನ ಉಳಿದರು, ಉಳಿಯದವರೂ ಬಹುಮಂದಿ.

1935ರಲ್ಲಿ ತೆರೆದ ಬೆಂಗಳೂರಿನ ಪುರಭವನಕ್ಕೆ ಇವರ ನಾಮಧೇಯವಿದೆ. ಅದರ ಕಲ್ಗಂಬಗಳನ್ನು ನೋಡಿ ಬೆರಗಾಗುವವರಲ್ಲಿ ಆ ಗಂಜಿಯ ದಿನಗಳನ್ನು ಬಲ್ಲವರು ವಿರಳ. ಚೆಟ್ಟಿಯವರು 1938ರಲ್ಲಿ ಲಿಂಗೈಕ್ಯರಾದರು.