ತಪ್ಪಿಗೆ ಮುಂಚೆಯೇ ಜೊತೆಗಿದ್ದ ತಂದೆ



ಮಗನಿಗೆ ಹದಿಮೂರು ದಾಟುತ್ತಿದ್ದಂತೆ ಮನೆಯಲ್ಲಿ ಅವನ ಮಾತು ಕಡಿಮೆಯಾಗುತ್ತದೆ. ಅವನು ತಪ್ಪು ಮಾಡಿ ಸಿಕ್ಕಿಬಿದ್ದ ದಿನ ಮಾತ್ರ ನಾವು ಎದುರಿಗೆ ಕೂರಿಸಿಕೊಂಡು ಗಂಟೆಗಟ್ಟಲೆ ಬುದ್ಧಿ ಹೇಳುತ್ತೇವೆ. ಅದಕ್ಕೆ ಮುಂಚೆ ನಾವೆಲ್ಲಿದ್ದೆವು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಸಂತ ಜಾನ್ ಬೋಸ್ಕೊ.

ಇಟಲಿಯ ಬೆಕ್ಕಿ ಎಂಬ ಹಳ್ಳಿಯಲ್ಲಿ 1815ರ ಆಗಸ್ಟ್ 16ರಂದು ಅವರು ಜನಿಸಿದರು. ಎರಡು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡರು. ತಂದೆಯ ಮೊದಲ ಹೆಂಡತಿಯ ಮಗನಾದ ಅಣ್ಣ ಆಂಟೋನಿಯೊಗೆ ತಮ್ಮನ ಓದು ಹಿಡಿಸಲಿಲ್ಲ. ಮನೆಯ ಶಾಂತಿಗಾಗಿ ತಾಯಿ ಮಾರ್ಗರೀಟಮ್ಮನವರು ಹುಡುಗನನ್ನು ಪರರ ಹೊಲದ ಕೆಲಸಕ್ಕೆ ಕಳುಹಿಸಬೇಕಾಯಿತು. ಮುಂದೆ ಕಿಯೇರಿ ಪಟ್ಟಣದಲ್ಲಿ ಕಾಫಿ ಅಂಗಡಿಯ ಚಾಕರಿ ಮಾಡುತ್ತಲೇ ಅವರು ಓದಿದರು. ತಂದೆಯಿಲ್ಲದ ಹುಡುಗನ ಮನಸ್ಸನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1841ರ ಜೂನ್ 5ರಂದು ಅವರಿಗೆ ಗುರುದೀಕ್ಷೆಯಾಯಿತು. ಟ್ಯೂರಿನ್ ನಗರದ ಸೆರೆಮನೆಗಳಿಗೆ ಭೇಟಿ ಕೊಟ್ಟಾಗ, ಇನ್ನೂ ಮೀಸೆ ಮೂಡದ ಹುಡುಗರನ್ನು ಕಂಬಿಗಳ ಹಿಂದೆ ಕಂಡು ಅವರ ಕರುಳು ಕಿವುಚಿದಂತಾಯಿತು. ಬಿಡುಗಡೆಯಾದ ಎಷ್ಟೋ ಹುಡುಗರು ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಹೊರಗೆ ಅವರಿಗೆ ತಮ್ಮವರೆನ್ನುವವರು ಇರಲಿಲ್ಲ. ಜಾರಿದ ಮೇಲೆ ಶಿಕ್ಷಿಸುವವರು ಹಲವರಿದ್ದರು. ಜಾರುವ ಮುನ್ನ ಕೈಹಿಡಿಯುವವರೇ ಬೇಕಾಗಿದ್ದರು.

ಅವರು ಬೀದಿಯ ಹುಡುಗರನ್ನು ಭಾನುವಾರಗಳಂದು ಒಟ್ಟುಗೂಡಿಸಿದರು. ಬಲಿಪೂಜೆ, ಧರ್ಮೋಪದೇಶ, ಜೊತೆಗೆ ಆಟ, ಹಾಡು. 1846ರಲ್ಲಿ ವಾಲ್ಡೊಕ್ಕೊದ ಒಂದು ತಗ್ಗುಸೂರಿನ ಶೆಡ್ಡು ಅವರ ನೆಲೆಯಾಯಿತು. ಅದೇ ವರ್ಷ ತಾಯಿಯೂ ಹಳ್ಳಿ ಬಿಟ್ಟು ಬಂದು ಆ ಹುಡುಗರಿಗೆಲ್ಲ ಅಮ್ಮನಾದರು. ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಬೋಸ್ಕೊ ಸ್ವಾಮಿಗಳು ಮಾಲೀಕನಿಂದ ಲಿಖಿತ ಕರಾರು ಮಾಡಿಸುತ್ತಿದ್ದರು. ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು. ಹಬ್ಬದ ದಿನ ಬಿಡುವು ಕೊಡಬೇಕು. 1852ರ ಅಂಥ ಒಂದು ಕರಾರು ಇಂದಿಗೂ ಉಳಿದಿದೆ.

1857ರ ಒಂದು ಸಂಜೆ ಕಾರ್ಮನ್ಯೋಲ ರೈಲು ನಿಲ್ದಾಣದಲ್ಲಿ ಪುಂಡ ಹುಡುಗರ ಗುಂಪೊಂದು ಗದ್ದಲವೆಬ್ಬಿಸಿತ್ತು. ಅವರ ನಾಯಕ ಮೈಕಲ್ ಮಗೋನೆ, ತಂದೆಯಿಲ್ಲದವನು. ಸ್ವಾಮಿಗಳು ಗದರಲಿಲ್ಲ. ಹೆಸರು, ವಯಸ್ಸು, ಮುಂದೆ ಏನಾಗಬೇಕೆಂಬ ಆಸೆ ಇವನ್ನು ಕೇಳಿದರು, ಒಂದು ಪದಕ ಕೊಟ್ಟರು, ಅಲ್ಲಿನ ಗುರುಗಳನ್ನು ಕಾಣಲು ಹೇಳಿದರು. ಸ್ವಲ್ಪ ದಿನಗಳಲ್ಲೇ ಮೈಕಲ್ ವಾಲ್ಡೊಕ್ಕೊಗೆ ಬಂದ. ಮೊದಮೊದಲು ಆಟವೆಂದರೆ ಪ್ರಾಣ. ಆಮೇಲೆ ಒಮ್ಮೆಲೇ ಮಂಕಾದ, ಒಂಟಿಯಾಗಿ ಕೂತು ಅಳತೊಡಗಿದ. ಸ್ವಾಮಿಗಳಿಗೆ ಅದು ತಿಳಿಯಿತು, ಏಕೆಂದರೆ ಅವರು ದಿನವೂ ಹುಡುಗರ ನಡುವೆ ಇರುತ್ತಿದ್ದರು. ಕರೆದು ಮೆಲ್ಲಗೆ ವಿಚಾರಿಸಿದರು, ಒತ್ತಾಯಿಸಲಿಲ್ಲ. ಮನಸ್ಸಿನ ಗಂಟು ತನ್ನ ಹಳೆಯ ಬಾಳಿನದು ಎಂದು ಹುಡುಗನೇ ಬಾಯಿಬಿಟ್ಟ. ಪಾಪನಿವೇದನೆ ಮಾಡಿ ಹಗುರಾದ. ಆಟದ ಉತ್ಸಾಹ ಮರಳಿತು. 1859ರ ಜನವರಿಯಲ್ಲಿ, ಇನ್ನೂ ಹದಿಮೂರರ ಹರೆಯದಲ್ಲೇ, ಅನಾರೋಗ್ಯದಿಂದ ತೀರಿಕೊಂಡಾಗ ಅವನ ಮನಸ್ಸು ಶಾಂತವಾಗಿತ್ತು. ಅವನ ಜೀವನಚರಿತ್ರೆಯನ್ನು ಬರೆದವರು ಸ್ವತಃ ಬೋಸ್ಕೊ ಸ್ವಾಮಿಗಳೇ.

ವಿವೇಕ, ಧರ್ಮ, ವಾತ್ಸಲ್ಯ ಈ ಮೂರರ ಮೇಲೆ ನಿಂತ ತಮ್ಮ ಶಿಕ್ಷಣ ಪದ್ಧತಿಯನ್ನು ಅವರು 1877ರಲ್ಲಿ ಬರೆದಿಟ್ಟರು. 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ ಇನ್ನೂ ಬಿಚ್ಚಿ ಹೇಳಿದರು: ಹುಡುಗರನ್ನು ಪ್ರೀತಿಸಿದರೆ ಸಾಲದು, ಪ್ರೀತಿ ಇದೆಯೆಂದು ಅವರಿಗೆ ತಿಳಿಯಬೇಕು. 1888ರ ಜನವರಿ 31ರಂದು ಅವರು ದೈವಾಧೀನರಾದರು. 1934ರಲ್ಲಿ ಸಂತ ಪದವಿ ಲಭಿಸಿತು.

ಪ್ರಿಯರೇ, ಕೆಟ್ಟ ಗೆಳೆಯ ಕರೆದಾಗ ನಿಮ್ಮ ಮಗ ಒಬ್ಬನೇ ನಿರ್ಧರಿಸಬೇಕು; ನೀವು ಅಲ್ಲಿರುವುದಿಲ್ಲ. ಆದರೆ ಮನೆಗೆ ಬಂದು ಎಲ್ಲವನ್ನೂ ಹೇಳಿಕೊಳ್ಳಬಹುದೆಂಬ ಧೈರ್ಯ ಅವನಿಗಿದ್ದರೆ, ಒಪ್ಪುವ ಮುನ್ನ ಒಂದು ಗಳಿಗೆ ನಿಂತು ಯೋಚಿಸುತ್ತಾನೆ. ಆ ಧೈರ್ಯ ಬೈಗುಳದ ದಿನ ಬರುವುದಿಲ್ಲ. ಏನೂ ತಪ್ಪು ನಡೆಯದ ಸಾಮಾನ್ಯ ಸಂಜೆಗಳಲ್ಲಿ ಅವನ ಜೊತೆ ಕೂತು ಊಟ ಮಾಡಿ, ಅವನ ಆಟದ ಸುದ್ದಿ ಕೇಳಿ. ಎಂದಿನ ಮಗ ಮಂಕಾದರೆ ಮೊದಲು ಗುರುತಿಸುವವರು ನೀವಾಗಿರಿ.