ಬಂದೂಕಿನ ಕಾಲದಲ್ಲಿ ಕ್ಯಾಮೆರಾ ಹಿಡಿದವರು: ಸಂಡೂರಿನಿಂದ ಹೊರಟ ಎಂ. ಕೃಷ್ಣನ್

2020ರ ಮೇ ತಿಂಗಳು. ಕೊರೊನಾ ಲಾಕ್‌ಡೌನ್‌ನಿಂದ ಮಂಗಳೂರಿನ ರಸ್ತೆಗಳು ಬಿಕೋ ಎನ್ನುತ್ತಿದ್ದ ದಿನಗಳವು. ಒಂದು ದಿನ ನಗರದೊಳಗೆ ಕಾಡುಕೋಣವೊಂದು ಕಾಣಿಸಿಕೊಂಡಿತು. ಮನೆಗಳ ನಡುವೆ ದಾರಿ ತಪ್ಪಿ ಅಲೆದ ಅದರ ಚಿತ್ರಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದವು. ಅರಣ್ಯ ಇಲಾಖೆಯ ಸಿಬ್ಬಂದಿ ಅರಿವಳಿಕೆ ನೀಡಿ ಅದನ್ನು ಸೆರೆಹಿಡಿದು ಘಟ್ಟದ ಕಾಡಿನತ್ತ ಸಾಗಿಸಿದರು. ಆದರೆ ಆ ಪ್ರಾಣಿ ಬದುಕಿ ಉಳಿಯಲಿಲ್ಲ. ನಗರದವರ ಬಳಿ ಉಳಿದದ್ದು ಅದರ ಚಿತ್ರಗಳು ಮಾತ್ರ.

ಕಾಡುಪ್ರಾಣಿಯೊಂದು ಎದುರಾದಾಗ ಚಿತ್ರ ತೆಗೆಯುವವನ ಕರ್ತವ್ಯವೇನು? ಎಷ್ಟು ದೂರದಲ್ಲಿ ನಿಲ್ಲಬೇಕು? ಯಾವಾಗ ಹಿಂದೆ ಸರಿಯಬೇಕು? ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಿ ಇವು ಎಲ್ಲರ ಪ್ರಶ್ನೆಗಳು. ಇವಕ್ಕೆ ತಮ್ಮ ಇಡೀ ಬದುಕಿನಿಂದಲೇ ಉತ್ತರ ಕೊಟ್ಟು ಹೋದವರು ಮಾಧವಯ್ಯ ಕೃಷ್ಣನ್. ಮದರಾಸಿನವರಾದರೂ ಅವರ ಬದುಕಿನ ನಿರ್ಣಾಯಕ ಎಂಟು ವರ್ಷಗಳು ಕಳೆದದ್ದು ಕನ್ನಡ ನಾಡಿನ ಸಂಡೂರಿನಲ್ಲಿ. ಭಾರತದ ವನ್ಯಜೀವಿ ಛಾಯಾಗ್ರಹಣಕ್ಕೆ ಒಂದು ಶಿಸ್ತನ್ನು ಕಲಿಸಿದ ಮೊದಲಿಗರಲ್ಲಿ ಅವರ ಹೆಸರು ಮುಂಚೂಣಿಯಲ್ಲಿ ನಿಲ್ಲುತ್ತದೆ.

ಮೈಲಾಪುರದ ಬಾಲ್ಯ

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ತಂದೆ ಎ. ಮಾಧವಯ್ಯ ಉಪ್ಪು ಮತ್ತು ಅಬಕಾರಿ ಇಲಾಖೆಯ ಅಧಿಕಾರಿ. ತಮಿಳಿನ ಮೊದಲ ತಲೆಮಾರಿನ ಕಾದಂಬರಿಕಾರರಲ್ಲಿ ಒಬ್ಬರು. ಅವಧಿಗೆ ಮುನ್ನವೇ ನಿವೃತ್ತಿ ಪಡೆದು ಮೈಲಾಪುರದಲ್ಲಿ ಮನೆ ಕಟ್ಟಿ, ಮುದ್ರಣಾಲಯ ಸ್ಥಾಪಿಸಿ, ಪತ್ರಿಕೆ ನಡೆಸಿದವರು. 1925ರಲ್ಲಿ ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ ತಮಿಳು ಭಾಷೆಯ ಕಲಿಕೆಯ ಪರವಾಗಿ ಮಾತನಾಡಿದ ಬೆನ್ನಿಗೇ ಅಲ್ಲೇ ಕುಸಿದು ಅವರು ಕೊನೆಯುಸಿರೆಳೆದರು. ಕೃಷ್ಣನ್‌ಗೆ ಆಗ ಹದಿಮೂರು ವರ್ಷ.

ಅಂದಿನ ಮೈಲಾಪುರ ಇಂದಿನಂತಿರಲಿಲ್ಲ. ಮನೆಯ ಸುತ್ತ ಕುರುಚಲು ಬೆಳೆದ ಬಯಲಿತ್ತು. ನರಿಗಳೂ ನಾನಾ ಬಗೆಯ ಹಕ್ಕಿಗಳೂ ಅಲ್ಲಿದ್ದವು. ಬಾಲಕ ಕೃಷ್ಣನ್ ಮುಂಗುಸಿಯೊಂದನ್ನು ಸಾಕಿಕೊಂಡಿದ್ದ. ಕಾಡು ಎಂದರೆ ದೂರದ ಬೆಟ್ಟವಲ್ಲ, ಹಿತ್ತಲಿನಿಂದಲೇ ಅದು ಶುರುವಾಗುತ್ತದೆ ಎಂಬ ಅರಿವು ಅವರಲ್ಲಿ ಮೂಡಿದ್ದು ಅಲ್ಲಿಯೇ. ಮುಂದೆ ಅವರು ಹುಲಿ, ಆನೆಗಳ ಬಗ್ಗೆ ಬರೆದಷ್ಟೇ ಶ್ರದ್ಧೆಯಿಂದ ಕಾಗೆ, ಅಳಿಲು, ಹಲ್ಲಿಗಳ ಬಗ್ಗೆಯೂ ಬರೆದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಸಸ್ಯವಿಜ್ಞಾನಿ ಪ್ರೊಫೆಸರ್ ಪಿ.ಎಫ್. ಫೈಸನ್ ಅವರ ಸಾಹಚರ್ಯ ದೊರೆಯಿತು. ಅವರ ಜೊತೆ ನೀಲಗಿರಿ, ಕೊಡೈಕನಾಲ್ ಬೆಟ್ಟಗಳಲ್ಲಿ ಸುತ್ತಾಡಿ ಕೃಷ್ಣನ್ ಗಿಡಮರಗಳನ್ನು ಗುರುತಿಸಲು ಕಲಿತರು. ಪ್ರೊಫೆಸರರ ಪತ್ನಿಯಿಂದ ಜಲವರ್ಣ ಚಿತ್ರಕಲೆಯ ಪಾಠವಾಯಿತು. ಕ್ಯಾಮೆರಾ ಕೈಗೆ ಬರುವ ಮುನ್ನವೇ ಕಣ್ಣು ಪಳಗಿತ್ತು.

ಪದವಿಗಳು ಬಂದವು, 1936ರಲ್ಲಿ ಕಾನೂನು ಪದವಿಯೂ ಬಂತು. ಆದರೆ ಬದುಕಿಗೆ ಆಧಾರವಾಗುವ ಕೆಲಸ ಸಿಗಲಿಲ್ಲ. ಅಣ್ಣ ಎಂ. ಅನಂತನಾರಾಯಣನ್ ಐಸಿಎಸ್ ಮುಗಿಸಿ ಮುಂದೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು. ತಮ್ಮ ಮಾತ್ರ ಮುದ್ರಣಾಲಯ, ಕಲಾಶಾಲೆ, ಆಕಾಶವಾಣಿ ಎಂದು ಒಂದರಿಂದ ಇನ್ನೊಂದಕ್ಕೆ ಅಲೆಯುತ್ತಿದ್ದರು. 1937ರಲ್ಲಿ ಬೆಂಗಳೂರಿನ ಇಂದುಮತಿ ಅವರೊಂದಿಗೆ ವಿವಾಹವಾಯಿತು. ಸಂಸಾರದ ಹೊಣೆಯೂ ಹೆಗಲೇರಿತು.

ಸಂಡೂರಿನ ಎಂಟು ವರ್ಷ

1942ರಲ್ಲಿ ಸಂಡೂರು ಸಂಸ್ಥಾನದಿಂದ ಕರೆ ಬಂತು. ಬಳ್ಳಾರಿ ಸೀಮೆಯ ನಡುವೆ ಬೆಟ್ಟಗಳ ಕೋಟೆಯೊಳಗೆ ಅಡಗಿದಂತಿರುವ ಸಂಡೂರು ಘೋರ್ಪಡೆ ಮನೆತನದ ಆಳ್ವಿಕೆಯ ಪುಟ್ಟ ಸಂಸ್ಥಾನ. ಪುರಾತನ ಕುಮಾರಸ್ವಾಮಿ ದೇಗುಲವಿರುವ ಆ ಬೆಟ್ಟಸಾಲು ಇಂದು ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗಣಿಗಳಿಗಾಗಿ ಹೆಸರಾಗಿದೆ.

ಚಿಕ್ಕ ಸಂಸ್ಥಾನವೆಂದ ಮೇಲೆ ಒಬ್ಬನೇ ಹತ್ತು ಕೆಲಸ ಮಾಡಬೇಕು. ಕೃಷ್ಣನ್ ಅಲ್ಲಿ ಶಾಲಾ ಶಿಕ್ಷಕರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಮಹಾರಾಜರ ರಾಜಕೀಯ ಕಾರ್ಯದರ್ಶಿಯೂ ಆದರು. ಆದರೆ ಅವರ ನಿಜವಾದ ಕಚೇರಿ ಇದ್ದದ್ದು ಬೆಟ್ಟದ ಇಳಿಜಾರುಗಳಲ್ಲಿ. ಬಿಡುವು ಸಿಕ್ಕಾಗಲೆಲ್ಲ ಕಾಡಿನಲ್ಲಿ ಅಲೆದರು. ಕುರಿ ಸಾಕಿ ನೋಡಿದರು, ಪಾರಿವಾಳಗಳನ್ನು ಸಾಕಿ ಸಂದೇಶ ಒಯ್ಯುವಂತೆ ಪಳಗಿಸುವ ಪ್ರಯೋಗ ನಡೆಸಿದರು. ಕಂಡದ್ದನ್ನು ಬರೆದಿಟ್ಟರು. ಬಯಲುಸೀಮೆಯ ಬಿಸಿಲು, ಕುರುಚಲು ಕಾಡು ಮತ್ತು ಕುರಿಗಾಹಿಗಳ ಬದುಕು ಅವರ ಬರವಣಿಗೆಯಲ್ಲಿ ಶಾಶ್ವತವಾಗಿ ಉಳಿದವು.

ಸ್ವಾತಂತ್ರ್ಯ ಬಂತು. 1949ರಲ್ಲಿ ಸಂಡೂರು ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಸ್ಥಾನವಿಲ್ಲದ ಮೇಲೆ ಸಂಸ್ಥಾನದ ನೌಕರಿ ಎಲ್ಲಿಯದು? ಸಂಬಳದ ಸರ್ಕಾರಿ ಹುದ್ದೆಯೊಂದು ಕೃಷ್ಣನ್ ಅವರ ಮುಂದಿತ್ತು. ವಯಸ್ಸು ನಲವತ್ತರ ಹತ್ತಿರ, ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಸಂಸಾರ. ಆದರೂ ಅವರು ಹುದ್ದೆಯನ್ನು ನಿರಾಕರಿಸಿದರು. ಮದರಾಸಿಗೆ ಮರಳಿ, ಲೇಖನಿ ಮತ್ತು ಕ್ಯಾಮೆರಾ ನಂಬಿ ಬದುಕುವ ನಿರ್ಧಾರ ಮಾಡಿದರು. ನಿಸರ್ಗದ ಬಗ್ಗೆ ಬರೆದು ಹೊಟ್ಟೆ ಹೊರೆಯಬಹುದೆಂದು ಆಗ ದೇಶದಲ್ಲಿ ಯಾರೂ ಊಹಿಸಿರಲಿಲ್ಲ.

1950ರಲ್ಲಿ ಕಲ್ಕತ್ತೆಯ ದಿ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಕಂಟ್ರಿ ನೋಟ್‌ಬುಕ್ ಎಂಬ ಪಾಕ್ಷಿಕ ಅಂಕಣ ಆರಂಭವಾಯಿತು. ಅದು ನಲವತ್ತಾರು ವರ್ಷ ನಡೆಯಿತು. ಅಂಕಣದ ಜೊತೆಗಿನ ರೇಖಾಚಿತ್ರಗಳನ್ನೂ ಛಾಯಾಚಿತ್ರಗಳನ್ನೂ ಅವರೇ ಒದಗಿಸುತ್ತಿದ್ದರು.

ಜೋಡಿಸಿದ ಕ್ಯಾಮೆರಾ, ಜೋಡಿಸದ ಸತ್ಯ

ಕೃಷ್ಣನ್ ಯಾವ ಸ್ಟುಡಿಯೋದಲ್ಲೂ ಛಾಯಾಗ್ರಹಣ ಕಲಿತವರಲ್ಲ. ದುಬಾರಿ ಉಪಕರಣಗಳನ್ನು ಕೊಳ್ಳುವ ಶಕ್ತಿಯೂ ಇರಲಿಲ್ಲ. ಒಂದು ಕಂಪನಿಯ ಕ್ಯಾಮೆರಾದ ಒಡಲಿಗೆ ಇನ್ನೊಂದು ಕಂಪನಿಯ ಟೆಲಿ ಲೆನ್ಸ್ ಕೂಡಿಸಿ, ಮತ್ತೆಲ್ಲಿಂದಲೋ ತಂದ ಬಿಡಿಭಾಗಗಳನ್ನು ಬಿಗಿದು ತಮ್ಮದೇ ಯಂತ್ರವೊಂದನ್ನು ಕಟ್ಟಿಕೊಂಡರು. ಅದಕ್ಕೆ ಸೂಪರ್ ಪೊಂಡೆರೋಸಾ ಎಂದು ಹೆಸರು. ಅಸ್ಸಾಮಿನ ನಿಸರ್ಗತಜ್ಞ ಇ.ಪಿ. ಗೀ ಆ ವಿಚಿತ್ರ ಯಂತ್ರವನ್ನು ಕಂಡು ಬೆರಗಾಗಿ ಅದರ ಬಗ್ಗೆ ಬರೆದದ್ದುಂಟು. ಆ ಯಂತ್ರದಿಂದ ಹೊರಬಂದ ಚಿತ್ರಗಳು ಮಾತ್ರ ನಗೆಪಾಟಲಿನವಾಗಿರಲಿಲ್ಲ.

ಬಣ್ಣದ ರೀಲುಗಳು ಬಂದ ಮೇಲೂ ಅವರು ಕಪ್ಪು-ಬಿಳುಪನ್ನು ಬಿಡಲಿಲ್ಲ. ಆನೆಯ ಚರ್ಮದ ಸುಕ್ಕು, ಕಾಡುಕೋಣದ ಬೆನ್ನಿನ ದಿಣ್ಣೆಯ ಮೇಲೆ ಜಾರುವ ಬೆಳಕು, ಬಿದಿರು ಮೆಳೆಯ ನೆರಳು ಇವೆಲ್ಲ ಬಣ್ಣದ ಹಂಗಿಲ್ಲದೆಯೇ ಸ್ಪಷ್ಟವಾಗುತ್ತವೆ ಎಂಬುದು ಅವರ ಚಿತ್ರಗಳನ್ನು ನೋಡಿದವರಿಗೆ ಮನವರಿಕೆಯಾಗುತ್ತದೆ.

ಚಿತ್ರಕ್ಕಾಗಿ ಅವರು ಕಾಲ್ನಡಿಗೆಯಲ್ಲಿ ಕಾಡು ಹೊಕ್ಕರು. ಬಂಡೀಪುರ, ಮುದುಮಲೈಗಳಿಂದ ಕಾಜಿರಂಗದವರೆಗೆ ಸಾಕಾನೆಯ ಬೆನ್ನೇರಿಯೂ ಅಲೆದರು. ಸಾಕಾನೆಯ ಮೇಲೆ ಕುಳಿತವನನ್ನು ಕಾಡುಪ್ರಾಣಿಗಳು ಮನುಷ್ಯನೆಂದು ಅಷ್ಟು ಬೇಗ ಹೆದರುವುದಿಲ್ಲ. ಆನೆಯ ವಾಸನೆ ಮನುಷ್ಯನ ವಾಸನೆಯನ್ನು ಮುಚ್ಚುತ್ತದೆ. ಆದರೆ ಆನೆಯ ಬೆನ್ನು ಒಂದು ಕ್ಷಣವೂ ಅಲುಗದೆ ಇರುವುದಿಲ್ಲ. ಅದರ ಉಸಿರಾಟಕ್ಕೇ ಕ್ಯಾಮೆರಾ ನಡುಗುತ್ತದೆ. ಆ ನಡುಕದ ನಡುವೆ, ಕಾಡಿನ ಮಬ್ಬು ಬೆಳಕಿನಲ್ಲಿ, ನಿಧಾನದ ಫಿಲ್ಮ್‌ನಲ್ಲಿ ಚಿತ್ರ ತೆಗೆಯಲು ಬೇಕಾದದ್ದು ಅಪಾರ ತಾಳ್ಮೆ.

ಕೃಷ್ಣನ್ ಅತಿಯಾಗಿ ಮೆಚ್ಚಿದ ಪ್ರಾಣಿ ಆನೆ. ಸಲಗವೊಂದು ಕಿವಿ ಅಗಲಿಸಿ ನಿಂತಾಗ ಅದು ಬೆದರಿಕೆಯೋ, ಕುತೂಹಲವೋ, ದಾಳಿಯ ಮುನ್ಸೂಚನೆಯೋ ಎಂಬುದನ್ನು ಓದಬಲ್ಲವನಷ್ಟೇ ಕಾಡಿನಿಂದ ಸುರಕ್ಷಿತವಾಗಿ ಮರಳುತ್ತಾನೆ. ಆ ಭಾಷೆಯನ್ನು ಅವರು ದಶಕಗಳ ಕಾಲ ಕಲಿತರು. ಅವರ ಪಾಲಿಗೆ ಒಳ್ಳೆಯ ಚಿತ್ರವೆಂದರೆ ಪ್ರಾಣಿ ತನ್ನ ಪಾಡಿಗೆ ತಾನು ಬದುಕುತ್ತಿರುವುದರ ದಾಖಲೆ. ಕೆರಳಿಸಿ ತೆಗೆದ ಚಿತ್ರ ಪ್ರಾಣಿಯ ಸಹಜ ಬದುಕಿನ ಬದಲು ಛಾಯಾಗ್ರಾಹಕನ ಅವಿವೇಕವನ್ನೇ ದಾಖಲಿಸುತ್ತದೆ.

ಲೆಕ್ಕಕ್ಕೆ ಸಿಕ್ಕ ಕಾಡು

ಅದು ಬಂದೂಕಿನ ಕಾಲ. ಸ್ವಾತಂತ್ರ್ಯದ ನಂತರದ ಎರಡು ದಶಕಗಳಲ್ಲಿ ಪರವಾನಗಿ ಪಡೆದು ಹುಲಿಯನ್ನೂ ಬೇಟೆಯಾಡಬಹುದಿತ್ತು. ಜೀಪು, ಸರ್ಚ್‌ಲೈಟ್‌ಗಳು ಬೇಟೆಯನ್ನು ಸುಲಭಗೊಳಿಸಿದ್ದವು. ಅಣೆಕಟ್ಟು, ನೆಡುತೋಪು, ಕೃಷಿ ವಿಸ್ತರಣೆಗಾಗಿ ಕಾಡು ಕರಗುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಬಂಡೀಪುರ ಸೇರಿದಂತೆ ಒಂಬತ್ತು ಕಾಡುಗಳಲ್ಲಿ ಹುಲಿ ಯೋಜನೆ ಆರಂಭವಾದದ್ದು 1973ರಲ್ಲಿ.

ಅದಕ್ಕೂ ಮುನ್ನವೇ ಕೃಷ್ಣನ್ ಊರೂರು, ಕಾಡುಕಾಡು ತಿರುಗಿ ಏನು ಉಳಿದಿದೆ, ಏನು ಅಳಿಯುತ್ತಿದೆ ಎಂದು ಬರೆದಿಡತೊಡಗಿದ್ದರು. 1968ರಲ್ಲಿ ಜವಾಹರಲಾಲ್ ನೆಹರೂ ಫೆಲೋಶಿಪ್ ದೊರೆತಾಗ ಭಾರತದ ಪರ್ಯಾಯ ದ್ವೀಪದ ದೊಡ್ಡ ಸಸ್ತನಿಗಳ ಸಮೀಕ್ಷೆಗೆ ಬಲ ಬಂತು. ಆ ಅಧ್ಯಯನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಗಳಾಗಿ ಬಂದು, 1975ರಲ್ಲಿ ಪುಸ್ತಕವಾಯಿತು. 1959ರಿಂದ 1970ರವರೆಗಿನ ಕಾಡಿನ ಸ್ಥಿತಿಯನ್ನು ತಿಳಿಯಬಯಸುವವರಿಗೆ ಅದು ಆಧಾರಗ್ರಂಥ.

ಆ ಸಮೀಕ್ಷೆಯ ದಿನಗಳಲ್ಲೇ, 1968ರಲ್ಲಿ, ಬಂಡೀಪುರ ಮತ್ತು ಮುದುಮಲೈ ಕಾಡುಗಳ ಕಾಡುಕೋಣಗಳಿಗೆ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗ ತಗುಲಿತು. ಊರ ದನಗಳ ರೋಗವದು. ಮೇವಿಗೆಂದು ಕಾಡು ಹೊಕ್ಕ ದನಗಳಿಂದ ಕಾಡಿನ ಗೊರಸಿನ ಪ್ರಾಣಿಗಳಿಗೆ ದಾಟುವಂಥದ್ದು. ಹಿಂಡುಹಿಂಡಾಗಿ ಕಾಡುಕೋಣಗಳು ಸತ್ತವು. ಒಂದು ಟನ್‌ವರೆಗೂ ತೂಗುವ, ಹುಲಿಯೂ ಹಿಂಜರಿಯುವ ಪ್ರಾಣಿ ಕಣ್ಣಿಗೆ ಕಾಣದ ವೈರಾಣುವಿಗೆ ಸೋತಿತು. ಊರು ಮತ್ತು ಕಾಡಿನ ನಡುವಿನ ಗೆರೆ ಅಳಿಸಿದರೆ ಕಾಡೇ ಮೊದಲು ಸಾಯುತ್ತದೆ ಎಂಬ ಪಾಠವನ್ನು ಆ ದುರಂತ ಕಲಿಸಿತು. ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಗಿದೆ ಎಂದು 2011ರಲ್ಲಿ ಘೋಷಿಸಲಾಯಿತು.

ಭಾರತೀಯ ವನ್ಯಜೀವಿ ಮಂಡಳಿಯ ಸದಸ್ಯರಾಗಿದ್ದ ಕೃಷ್ಣನ್ ಅಧಿಕಾರಿಗಳಿಗೆ ಪ್ರಿಯರಾಗುವ ಮಾತನ್ನು ಆಡಿದವರಲ್ಲ. ವನ್ಯಜೀವಿ ಎಂದರೆ ಪ್ರಾಣಿ ಮಾತ್ರವಲ್ಲ, ಆ ನೆಲದ ಗಿಡ, ಹುಲ್ಲು, ಬಳ್ಳಿಯೂ ಹೌದೆಂದು ವಾದಿಸಿದರು. ಪರದೇಶದ ಮರಗಳನ್ನು ತಂದು ನೆಡುವ ಹುಚ್ಚನ್ನು ಖಂಡಿಸಿದರು. ನಾಡಿನ ಹಕ್ಕಿಗಳಿಗೂ ಗಿಡಗಳಿಗೂ ನಾಡಿನ ಹೆಸರುಗಳೇ ಇರಲೆಂದರು. ಒಂದು ದೇಶದ ಗುರುತು ಅದರ ನೆಲ, ಜಲ, ಸಸ್ಯ, ಪ್ರಾಣಿಗಳಲ್ಲಿದೆ ಎಂಬ ನಂಬಿಕೆಯಲ್ಲೇ ಬದುಕಿದರು.

ಉಳಿದ ಬೆಳಕು

1960ರಲ್ಲಿ ಪದ್ಮಶ್ರೀ ಬಂತು. 1995ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಗ್ಲೋಬಲ್ 500 ಗೌರವ ಪಟ್ಟಿಗೆ ಹೆಸರು ಸೇರಿತು. 1996ರ ಫೆಬ್ರವರಿ 18ರಂದು, ತಮ್ಮ 83ನೇ ವಯಸ್ಸಿನಲ್ಲಿ, ಕೃಷ್ಣನ್ ತೀರಿಕೊಂಡರು. ಅವರ ಅಂಕಣದ ಕೊನೆಯ ಕಂತು ಅಚ್ಚಾದದ್ದೂ ಅದೇ ದಿನ.

ಸಂಡೂರಿನ ನಂಟು ಅಲ್ಲಿಗೇ ಮುಗಿಯಲಿಲ್ಲ. ಕೃಷ್ಣನ್ ಸಂಡೂರಿನಲ್ಲಿದ್ದಾಗ ಬಾಲಕನಾಗಿದ್ದ ಅದೇ ಮನೆತನದ ಎಂ.ವೈ. ಘೋರ್ಪಡೆ ಮುಂದೆ ರಾಜ್ಯದ ಹಣಕಾಸು ಸಚಿವರಾದರು. ರಾಜಕಾರಣದ ಬಿಡುವಿನಲ್ಲಿ ಬಂಡೀಪುರದ ಕಾಡು ಸುತ್ತಿ, ಕಪ್ಪು-ಬಿಳುಪಿನಲ್ಲೇ ಚಿತ್ರ ತೆಗೆದು, ಹವ್ಯಾಸಿ ಛಾಯಾಗ್ರಾಹಕರಾಗಿ ದೇಶ ವಿದೇಶಗಳಲ್ಲಿ ಮನ್ನಣೆ ಪಡೆದರು. 1983ರಲ್ಲಿ ಅವರ ಸನ್‌ಲೈಟ್ ಅಂಡ್ ಶ್ಯಾಡೋಸ್ ಪುಸ್ತಕ ಹೊರಬಂತು. ಕೃಷ್ಣನ್ ಅವರ ಚಿತ್ರ ಮತ್ತು ಬರಹಗಳ ದೊಡ್ಡ ಸಂಕಲನವೊಂದು 2006ರಲ್ಲಿ ಪ್ರಕಟವಾದಾಗ ಅದರ ಸಿದ್ಧತೆಯಲ್ಲಿ ಕೈಜೋಡಿಸಿದವರಲ್ಲಿ ಬೆಂಗಳೂರಿನ ಹಿರಿಯ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಒಬ್ಬರು.

ಇಂದು ಕ್ಯಾಮೆರಾ ಕ್ಷಣಕ್ಕೆ ಹತ್ತಾರು ಚಿತ್ರ ತೆಗೆಯುತ್ತದೆ. ರೀಲು ಮುಗಿಯುವ ಚಿಂತೆಯಿಲ್ಲ. ಕರಾವಳಿಯ ತೋಟದ ಬಾವಿಗೆ ಚಿರತೆ ಬಿದ್ದರೆ ಏಣಿ ಬರುವ ಮುನ್ನವೇ ಮೊಬೈಲ್ ಹಿಡಿದ ಜನ ಸೇರುತ್ತಾರೆ. ಬೆದರಿ ಓಡಿ ದಣಿದ ದೊಡ್ಡ ಪ್ರಾಣಿಗೆ ಅರಿವಳಿಕೆ ನೀಡುವುದು ಪಶುವೈದ್ಯರಿಗೂ ಕಠಿಣ ಪರೀಕ್ಷೆ. ಆಗ ಸುತ್ತಲಿನ ಗದ್ದಲ ಕಡಿಮೆಯಾದಷ್ಟೂ ಅದರ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚು. ಆ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ಮೌನವಾಗಿ ನಿಲ್ಲುವುದೇ ನೆರೆದವರು ಮಾಡಬಹುದಾದ ದೊಡ್ಡ ಉಪಕಾರ.

ಸಂಬಳದ ಹುದ್ದೆ ಬಿಟ್ಟು, ಜೋಡಿಸಿದ ಕ್ಯಾಮೆರಾ ಹಿಡಿದು ಅರ್ಧ ಶತಮಾನ ಕಾಡು ಅಲೆದ ಮನುಷ್ಯ ಪಾಲಿಸಿದ್ದು ಅದೇ ನಿಯಮವನ್ನು. ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ, ಪ್ರಾಣಿ ಬಂದ ದಾರಿಯಲ್ಲಿ ಮರಳಿ ಹೋಗಬೇಕು.